ಹೊಳೆಗೆ ಪಹಣಿ ಇಲ್ಲ, ಹುತಾತ್ಮರಿಗೂ ಇಲ್ಲ: ವಿದುರಾಶ್ವತ್ಥಕ್ಕಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿಕ್ಕಬಳ್ಳಾಪುರ ಜಿಲ್ಲೆ, ಚಿಕ್ಕಬಳ್ಳಾಪುರ.

ವಿಷಯ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಸತ್ಯಾಗ್ರಹ ಭೂಮಿ, ಅಶ್ವತ್ಥ ಕಟ್ಟೆ ಹಾಗೂ ಉತ್ತರ ಪಿನಾಕಿನಿಯ ದಂಡೆಯನ್ನು ಬೃಹತ್ ಬಡಾವಣೆಗಳಿಂದ ಕಾಪಾಡುವ ಕುರಿತು.

ಮಾನ್ಯರೇ,

ನಾನು ಭೂಮಾಪನ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದವನು. ಅದರಲ್ಲಿ ಬಹುಪಾಲು ವರ್ಷಗಳು ಗೌರಿಬಿದನೂರು ಸೀಮೆಯ ಬದುಗಳ ಮೇಲೆಯೇ ಕಳೆದವು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಉಪಗ್ರಹವೂ ಇರಲಿಲ್ಲ, ಡ್ರೋನೂ ಇರಲಿಲ್ಲ. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಆಣೆ ಎಂಬ ಹದಿನಾರು ಭಾಗಗಳು, ಅಡ್ಡ ಹಿಡಿಯಲು ಒಬ್ಬ ಆಳು, ಕೈಯಲ್ಲಿ ಟಿಪ್ಪಣಿ ಪುಸ್ತಕ. ಇಷ್ಟರಲ್ಲೇ ಊರೂರು ಅಳೆದೆವು. ಕೆಲಸದಲ್ಲಿದ್ದಾಗ ಸರ್ಕಾರಕ್ಕೆ ನೂರಾರು ವರದಿ ಬರೆದಿದ್ದೇನೆ. ಕೇಳುವವರಿಲ್ಲದೆ ನಾನಾಗಿಯೇ ಬರೆಯುತ್ತಿರುವುದು ಇದೇ ಮೊದಲು. ಹಳೆಯ ಅಭ್ಯಾಸದಂತೆ, ಕಣ್ಣಾರೆ ಕಂಡದ್ದನ್ನು ಮೊದಲು ಹೇಳಿ, ಕೇಳಬೇಕಾದ್ದನ್ನು ಆಮೇಲೆ ಕೇಳುತ್ತೇನೆ.

ಕಳೆದ ಕಾರ್ತಿಕದ ಒಂದು ಸೋಮವಾರ ಬೆಳಗ್ಗೆ ವಿದುರಾಶ್ವತ್ಥಕ್ಕೆ ಹೋಗಿದ್ದೆ. ದೇವರಿಗೆ ಕೈಮುಗಿದು, 1938ರ ಗೋಲಿಬಾರಿನಲ್ಲಿ ಮಡಿದ ಹುತಾತ್ಮರ ಸ್ತೂಪದ ಮುಂದೆ ಎರಡು ನಿಮಿಷ ನಿಂತು, ಎಂದಿನಂತೆ ಹೊಳೆಯ ಕಡೆಗೆ ನಡೆದೆ. ದಂಡೆಗೆ ಇಳಿಯುವ ಮೊದಲೇ ಕಾಲಿಗೆ ಹೊಸ ಮಣ್ಣು ಸಿಕ್ಕಿತು. ಸಾಲು ಹೊಂಗೆ ಮರಗಳಿದ್ದ ಜಾಗದಲ್ಲಿ ಜೆಸಿಬಿಯ ಹಲ್ಲಿನ ಗುರುತುಗಳಿದ್ದವು. ಹೊಲಗಳ ಬದುಗಳೆಲ್ಲ ಒಡೆದು, ಏರುತಗ್ಗುಗಳೆಲ್ಲ ಸಮವಾಗಿ, ನೆಲ ಒಂದೇ ಹಾಳೆಯಂತೆ ಬಿದ್ದಿತ್ತು. ಮೇಲಿನ ಕೆರೆಯ ಕೋಡಿ ನೀರು ಬರುತ್ತಿದ್ದ ಹಳ್ಳಕ್ಕೆ ಟಿಪ್ಪರುಗಳಲ್ಲಿ ತಂದ ಕಟ್ಟಡದ ಅವಶೇಷ ಸುರಿದಿದ್ದರು. ಸುಣ್ಣದ ಗೆರೆಗಳ ಉದ್ದಕ್ಕೂ ಹಳದಿ ಬಣ್ಣ ಬಳಿದ ಪುಟ್ಟ ಕಲ್ಲುಗಳು, ಒಂದೊಂದಕ್ಕೂ ಕೆಂಪಿನಲ್ಲಿ ಬರೆದ ನಂಬರು. ರಸ್ತೆಯ ಬದಿಗೆ ಎತ್ತರದ ಫಲಕ. ಅದರಲ್ಲಿ ಹೊಳೆಯ ತುಂಬ ನೀಲಿ ನೀರು, ದಂಡೆಯ ಮೇಲೆ ಬಹುಮಹಡಿ ಕಟ್ಟಡಗಳು, ವಾಣಿಜ್ಯ ಸಂಕೀರ್ಣ, ಈಜುಕೊಳ.

ಅಲ್ಲೇ ಮೂಲೆಯಲ್ಲಿ ಕಿತ್ತ ಕಲ್ಲುಗಳ ಗುಡ್ಡೆಯೊಂದಿತ್ತು. ಅದರೊಳಗೆ ನನ್ನ ಕಣ್ಣಿಗೆ ಬಿದ್ದದ್ದು ಒಂದು ಬಾಂದು ಕಲ್ಲು. ಬಿಸಿಲು ಮಳೆ ಉಂಡ ಮೇಲಿನ ಅರ್ಧ ಕಪ್ಪಗೆ, ಕಲ್ಲುಹೂವು ಹಿಡಿದು ಒರಟಾಗಿತ್ತು. ನೆಲದೊಳಗಿದ್ದ ಕೆಳಗಿನ ಅರ್ಧ ಕೆಮ್ಮಣ್ಣು ಮೆತ್ತಿಕೊಂಡು ಹಸಿಯಾಗಿತ್ತು. ನೆತ್ತಿಯ ಮೇಲಿನ ಉಳಿಗುರುತನ್ನು ಬೆರಳಿನಿಂದ ಸವರಿ ನೋಡಿದೆ. ಹೊಳೆಯ ಹದ್ದನ್ನೂ ಹೊಲದ ಹದ್ದನ್ನೂ ಬೇರ್ಪಡಿಸಲು ನಮ್ಮ ಹಿರಿಯರು ನಿಲ್ಲಿಸಿದ್ದ ಕಲ್ಲು ಅದು. ಅದನ್ನು ಆಧಾರವಾಗಿ ಇಟ್ಟುಕೊಂಡು ನಾನೇ ಒಮ್ಮೆ ಅಲ್ಲಿ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ, ಮಾಡಿದ್ದೆ. ಬಾಂದು ಕಲ್ಲು ಕೀಳುವುದು ಭೂ ಕಂದಾಯ ಕಾಯ್ದೆಯ ಪ್ರಕಾರ ಅಪರಾಧ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಅಂಥ ಕಲ್ಲು ಚಪ್ಪಡಿಗಳ ನಡುವೆ ಮಗುಚಿ ಬಿದ್ದಿತ್ತು.

ತಗಡಿನ ಶೆಡ್ಡಿನಲ್ಲಿ ಕುಳಿತಿದ್ದ ಯುವಕ ಮರ್ಯಾದೆಯಿಂದಲೇ ಮಾತನಾಡಿಸಿದ, ಕುಡಿಯಲು ನೀರು ಕೊಟ್ಟ. ಹೊಳೆಯ ಹದ್ದು ಎಲ್ಲಿಗೆ ಬರುತ್ತದಪ್ಪ ಎಂದು ಕೇಳಿದೆ. "ಅಲ್ಲಿ ಮರಳು ಕಾಣುತ್ತಿದೆಯಲ್ಲ ಸಾರ್, ಅದೇ ಹೊಳೆ. ಇಲ್ಲಿಯವರೆಗೂ ಎಲ್ಲ ಖಾಸಗಿ ಜಮೀನು" ಎಂದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ಮರಳು ಕಾಣುವಷ್ಟೇ ಹೊಳೆ ಎಂಬ ಲೆಕ್ಕ ಬಂದ ಮೇಲೆ ಹೊಳೆ ಉಳಿಯುವುದು ಹೇಗೆ ಎಂಬ ಚಿಂತೆ ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮಾನ್ಯರೇ, ಈ ನೆಲ ಎಂಥದ್ದು ಎಂಬುದು ತಮಗೆ ಗೊತ್ತು. ಪ್ರತಿವರ್ಷ ಏಪ್ರಿಲ್ 25ರಂದು ಇಲ್ಲಿ ಹೂವಿಟ್ಟು ನಮಿಸುತ್ತೇವೆ. ಆದರೂ ಈ ಪತ್ರ ಓದುವ ಬೇರೆ ಊರಿನವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಧ್ವಜ ಹಾರಿಸುವಂತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಕಾವು ಎರಡೇ ವಾರದಲ್ಲಿ ನಮ್ಮ ಮೂಲೆಗೂ ಬಂತು. ಏಪ್ರಿಲ್ 25ರಂದು ಸುತ್ತಲಿನ ಹಳ್ಳಿಗಳ ರೈತರು, ಕೂಲಿಗಳು, ಹೆಂಗಸರು, ಮಕ್ಕಳು ವಿದುರಾಶ್ವತ್ಥದಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಅಂದಿನ ಸರ್ಕಾರ ಹೇಳಿತು. ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಸಂಸ್ಥಾನ ಸರ್ಕಾರ ವೇಪ ರಾಮೇಶಂ ಅವರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆದು, ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಲು ಅವಕಾಶವಾಯಿತು. ಚರಿತ್ರೆಯ ಪುಸ್ತಕದಲ್ಲಿ ಇದು ಮಿರ್ಜಾ ಪಟೇಲ್ ಒಪ್ಪಂದ. ನಮ್ಮ ಊರುಗಳಲ್ಲಿ ಇದು ನಮ್ಮವರ ರಕ್ತಕ್ಕೆ ಸಿಕ್ಕ ಉತ್ತರ.

ಆ ದಿನ ಅಲ್ಲಿದ್ದ ಮಕ್ಕಳಲ್ಲಿ ನನ್ನ ತಾಯಿಯೂ ಒಬ್ಬಳು. ಅವಳಿಗೆ ಆಗ ಹನ್ನೆರಡು ವರ್ಷ. ಅಣ್ಣನ ಕೈಹಿಡಿದು ಜನರನ್ನು ನೋಡಲು ಬಂದಿದ್ದಳು. ನನಗೆ ಹತ್ತು ವರ್ಷವಾಗಿದ್ದಾಗ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದಳು: ತಾವು ನಿಂತಿದ್ದ ಜಾಗ ಇದು, ಸದ್ದು ಕೇಳಿದ್ದು ಇಲ್ಲಿ, ಅಣ್ಣ ರಟ್ಟೆ ಹಿಡಿದು ಎಳೆದದ್ದು ಇಲ್ಲಿ. ನಾಗರಕಲ್ಲುಗಳ ಸಾಲಿನ ಹಿಂದೆ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕುಳಿತಿದ್ದರಂತೆ. ಆಮೇಲೆ ಹೊಳೆಯತ್ತ ಓಡಿ, ಕಾದ ಮರಳನ್ನು ಬರಿಗಾಲಲ್ಲಿ ದಾಟಿ, ಆಚೆ ದಂಡೆಯ ಜಾಲಿಯ ಮರೆಯಲ್ಲಿ ಕತ್ತಲಾಗುವವರೆಗೆ ಇದ್ದರಂತೆ. ಅವಳು ಕನ್ನಡ ತೆಲುಗು ಬೆರೆಸಿ ಮಾತನಾಡುತ್ತಿದ್ದಳು, ಈ ಸೀಮೆಯವರೆಲ್ಲರ ಹಾಗೆ. ಗುಂಡಿನ ಮಾತು ಬಂದಾಗ ಮಾತ್ರ ಯಾವ ಭಾಷೆಯಲ್ಲೂ ಹೆಚ್ಚು ಹೇಳುತ್ತಿರಲಿಲ್ಲ. ಸುಮ್ಮನೆ ಹೆಜ್ಜೆ ಹಾಕಿ ತೋರಿಸಿದಳು. ಇಲ್ಲಿಂದ ಇಲ್ಲಿಗೆ ಎಂದಳು.

ಭೂಮಾಪಕನಾದ ಮೇಲೆ ಅವಳು ನಡೆದು ತೋರಿಸಿದ ದಾರಿಯನ್ನು ನಾನು ಸರಪಳಿ ಹಿಡಿದು ಅಳೆದೆ. ನಾಗರಕಲ್ಲುಗಳಿಂದ ಹೊಳೆಯ ಅಂಚಿಗೆ ಹನ್ನೊಂದು ಸರಪಳಿ. ಕಾರ್ತಿಕದ ಆ ಸೋಮವಾರ ಮತ್ತೆ ಅದೇ ದಾರಿಯಲ್ಲಿ ನಡೆದೆ. ಈಗ ಸರಪಳಿ ಹೊತ್ತು ನಡೆಯುವ ಶಕ್ತಿ ಇಲ್ಲ, ಹೆಜ್ಜೆಯಲ್ಲೇ ಎಣಿಸಿದೆ. ಹನ್ನೊಂದರಲ್ಲಿ ಕೊನೆಯ ನಾಲ್ಕು ಸರಪಳಿಯಷ್ಟು ನೆಲ ಹಳದಿ ಕಲ್ಲುಗಳ ಒಳಗೆ ಬಿದ್ದಿದೆ.

ಈ ಪತ್ರ ಬರೆಯಲು ಕಾರಣ ಈ ನಾಲ್ಕು ಸರಪಳಿ. ಸ್ತೂಪವನ್ನು ಯಾರೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಸತ್ಯಾಗ್ರಹದ ನೆನಪಿಗೆ ಕಟ್ಟಿದ ವೀರಸೌಧದ ಒಳಗಿನ ಚಿತ್ರಗಳಿಗೂ ತೊಂದರೆಯಿಲ್ಲ. ದೇವಸ್ಥಾನಕ್ಕೆ ಬಣ್ಣ ಬಳಿಯುತ್ತಲೇ ಇರುತ್ತಾರೆ. ನನ್ನ ಮಾತು ಇವುಗಳ ಕಾಂಪೌಂಡಿನ ಹೊರಗಿನ ನೆಲದ ಬಗ್ಗೆ. ಅಂದು ಜನ ನಡೆದು ಬಂದ ಹಾದಿ, ಕುಳಿತ ಬಯಲು, ಓಡಿ ಇಳಿದ ದಂಡೆ, ದಾಟಿದ ಮರಳು. ಗೋಲಿಬಾರ್ ನಡೆದದ್ದು ಸ್ತೂಪದ ಮೇಲೆ ಅಲ್ಲ. ಸ್ತೂಪವನ್ನು ನಾವು ಆಮೇಲೆ ಕಟ್ಟಿದೆವು. ಘಟನೆ ನಡೆದದ್ದು ಈ ಬಯಲಿನಲ್ಲಿ, ಈ ಹೊಳೆಯಂಚಿನಲ್ಲಿ. ಸುತ್ತ ಬಹುಮಹಡಿ ಕಟ್ಟಡಗಳು ಎದ್ದು, ಮಧ್ಯೆ ಒಂದು ಸ್ತೂಪ ಕಾವಲುಗಾರನಂತೆ ನಿಂತರೆ, ನಾಳೆ ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟ್ರು ಏನನ್ನು ತೋರಿಸಿ ಪಾಠ ಹೇಳಬೇಕು?

ಅಶ್ವತ್ಥ ಕಟ್ಟೆಯ ಬಗ್ಗೆಯೂ ಎರಡು ಮಾತು. ಮಹಾಭಾರತದ ವಿದುರ ನೆಟ್ಟ ಅರಳಿ ಎಂದು ಜನ ನಂಬಿಕೊಂಡು ಬಂದ ಮರ 2001ರಲ್ಲಿ ಉರುಳಿತು. ಮರ ಹೋದರೂ ಜನ ಬರುವುದು ನಿಲ್ಲಲಿಲ್ಲ. ಕಟ್ಟೆಯ ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಮಕ್ಕಳಾಗಲಿ ಎಂದು, ನಾಗದೋಷ ಕಳೆಯಲಿ ಎಂದು ಹರಕೆ ಹೊತ್ತವರು ತಂದು ನಿಲ್ಲಿಸಿದ ಕಲ್ಲುಗಳು. ಕೆಲವು ಮೊನ್ನೆ ಮೊನ್ನೆ ಕೆತ್ತಿದವು, ಹೆಡೆಯ ಗೆರೆಗಳು ಇನ್ನೂ ಬೆಳ್ಳಗಿವೆ. ಕೆಲವು ಎಷ್ಟು ಸವೆದಿವೆ ಎಂದರೆ ಅರಿಶಿನ ಹಚ್ಚಿದಾಗ ಮಾತ್ರ ಹೆಣೆದ ಹಾವುಗಳ ಉಬ್ಬು ಕಾಣುತ್ತದೆ. ಒಂದೊಂದು ಕಲ್ಲಿನ ಹಿಂದೆ ಒಂದೊಂದು ಮನೆಯ ಕಣ್ಣೀರಿದೆ. ಕರ್ನಾಟಕದಿಂದಲೂ ಆಂಧ್ರದಿಂದಲೂ ಬಂದವರು ಇವನ್ನು ಇಟ್ಟಿದ್ದಾರೆ. ಇವುಗಳ ಒಂದು ಪಟ್ಟಿಯನ್ನು ನಾನು ನೌಕರಿಯ ದಿನಗಳಲ್ಲಿ ಎಲ್ಲಿಯೂ ನೋಡಲಿಲ್ಲ. ಪಟ್ಟಿ ಇಲ್ಲದ ವಸ್ತು ಕಾಣೆಯಾದರೆ ದೂರು ಕೊಡುವುದಕ್ಕೂ ಆಗುವುದಿಲ್ಲ. ಇದನ್ನು ಮೂವತ್ತಮೂರು ವರ್ಷ ದಾಖಲೆಗಳ ಮಧ್ಯೆ ಬದುಕಿದವನ ಮಾತು ಎಂದು ತಾವು ಸ್ವೀಕರಿಸಬೇಕು.

ಇನ್ನು ಹೊಳೆ. ನಂದಿ ಬೆಟ್ಟದ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ನಮ್ಮ ತಾಲ್ಲೂಕನ್ನು ದಾಟಿ ಹಿಂದೂಪುರದ ಕಡೆಗೆ ಹೋಗುವ ಉತ್ತರ ಪಿನಾಕಿನಿ. ಮುಂದೆ ಜಯಮಂಗಲಿಯನ್ನೂ ಚಿತ್ರಾವತಿ, ಪಾಪಾಗ್ನಿಗಳನ್ನೂ ಕೂಡಿಸಿಕೊಂಡು ಪೆನ್ನೆಯಾಗಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಮೂಲದಿಂದ ಕಡಲಿಗೆ 597 ಕಿಲೋಮೀಟರ್. ಇಷ್ಟು ದೊಡ್ಡ ನದಿ ನಮ್ಮಲ್ಲಿ ವರ್ಷದ ಹೆಚ್ಚು ದಿನ ಬರೀ ಮರಳಾಗಿ ಮಲಗಿರುತ್ತದೆ. ನನ್ನ ಬಾಲ್ಯದಲ್ಲಿ ಬೇಸಿಗೆಯಲ್ಲೂ ಮರಳನ್ನು ಮೊಣಕೈ ಆಳ ತೋಡಿದರೆ ಚಿಲುಮೆಯಲ್ಲಿ ನೀರು ಒಸರುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸುತ್ತಿದ್ದೆವು. ಜಾತ್ರೆಗೆ ಬಂದವರೂ ಅದನ್ನೇ ಕುಡಿಯುತ್ತಿದ್ದರು. ಮರಳು ತೆಗೆದರು, ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು, ಚಿಲುಮೆ ಬತ್ತಿತು. ಈಗಿನ ಮಕ್ಕಳಿಗೆ ಹೊಳೆ ಎಂದರೆ ಕ್ರಿಕೆಟ್ ಆಡುವ ಜಾಗ.

ಹೊಳೆ ಬತ್ತಿದೆ ಎಂದು ದಂಡೆಯನ್ನು ಮಾರಿಕೊಳ್ಳುವವರು 2021ರ ನವೆಂಬರ್ ಅನ್ನು ನೆನಪಿಸಿಕೊಳ್ಳಬೇಕು. ಆ ತಿಂಗಳ ಮಳೆಗೆ ಕೆರೆಗಳು ಕೋಡಿ ಬಿದ್ದವು, ಹಳ್ಳಗಳು ಉಕ್ಕಿದವು, ವರ್ಷಗಟ್ಟಲೆ ಒಣಗಿದ್ದ ಪಿನಾಕಿನಿ ದಂಡೆ ತುಂಬಿ ಹರಿಯಿತು. ಜನ ಊರೂರುಗಳಿಂದ ಬಂದು ನೋಡಿದರು. ನಾನೂ ಹೋಗಿದ್ದೆ. ಅಂದು ಕೆಂಪು ನೀರು ಬಂದು ನಿಂತಿದ್ದ ಗೆರೆ ನನಗೆ ಚೆನ್ನಾಗಿ ನೆನಪಿದೆ. ಹಳದಿ ಕಲ್ಲುಗಳ ಮೊದಲ ಎರಡು ಸಾಲು ಈಗ ಆ ಗೆರೆಯ ಒಳಗೆ, ಹೊಳೆಯ ಬದಿಗೆ ಇವೆ. ಅಲ್ಲಿ ನಿವೇಶನ ಕೊಳ್ಳುವವರು ಬೆಂಗಳೂರಿನಲ್ಲಿ ಕೂತು ಫಲಕದ ಚಿತ್ರ ನೋಡಿ ಕೊಳ್ಳುತ್ತಾರೆ. ಜೀವಮಾನದ ಉಳಿತಾಯ ಹಾಕುತ್ತಾರೆ. ಮುಂದಿನ ನೆರೆಗೆ ಅವರ ಮನೆಯೊಳಗೆ ನೀರು ನುಗ್ಗಿದಾಗ, ದಂಡೆಗೆ ಗೋಡೆ ಕಟ್ಟಿಕೊಡಿ ಎಂದು ಅದೇ ಜನ ತಮ್ಮ ಕಚೇರಿಯ ಮುಂದೆ ನಿಲ್ಲುತ್ತಾರೆ. ಗೋಡೆ ಎದ್ದರೆ ನೀರು ಎದುರು ದಂಡೆಯ ಹಳ್ಳಿಗಳ ಮೇಲೆ ತಿರುಗುತ್ತದೆ. ಹಳ್ಳ ಮುಚ್ಚಿದ್ದರ ಪರಿಣಾಮ ಮೇಲಿನ ಕೆರೆಯ ಏರಿಗೂ ತಟ್ಟುತ್ತದೆ, ಏಕೆಂದರೆ ಕೋಡಿ ನೀರಿಗೆ ಹೋಗಲು ದಾರಿ ಬೇಕು.

ನಕಾಶೆಯ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಗ್ರಾಮ ನಕಾಶೆಯಲ್ಲಿ ಪ್ರತಿ ಹೊಲಕ್ಕೂ ಸರ್ವೆ ನಂಬರ್ ಇರುತ್ತದೆ, ನಂಬರಿಗೆ ಪಹಣಿ, ಪಹಣಿಗೆ ಒಬ್ಬ ಖಾತೆದಾರ. ಹೊಳೆಗೆ ಅದಾವುದೂ ಇಲ್ಲ. ಎರಡು ಗೆರೆಗಳ ನಡುವೆ ಬಿಟ್ಟ ಜಾಗವೇ ಹೊಳೆ. ಅದರ ಪರವಾಗಿ ಅರ್ಜಿ ಹಾಕುವವರಿಲ್ಲ, ತಕರಾರು ತೆಗೆಯುವವರಿಲ್ಲ. ಹುತಾತ್ಮರದ್ದೂ ಅದೇ ಸ್ಥಿತಿ: ಅವರು ಬಿದ್ದ ನೆಲ ಅವರ ಹೆಸರಿಗೆ ಎಲ್ಲೂ ದಾಖಲಾಗಿಲ್ಲ. ಆದರೆ ಕಾನೂನು ಹೊಳೆಯನ್ನು ಅನಾಥವಾಗಿ ಬಿಟ್ಟಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಪ್ರಕರಣದ ಪ್ರಕಾರ ನದಿ, ತೊರೆ, ಹಳ್ಳ, ಕೆರೆಗಳ ಪಾತ್ರಗಳು ಸರ್ಕಾರದ ಸ್ವತ್ತು. ಹೊಲಗಳ ಒಳಗೆ ಹಾಯ್ದು ಹೋಗುವ ಹಳ್ಳ, ಕಾಲುದಾರಿ, ಬಂಡಿದಾರಿಗಳು ಆಕಾರಬಂದಿನಲ್ಲಿ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆಯಲ್ಲಿ) ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ಜಾಗ, ಎಂದು ಪ್ರತ್ಯೇಕವಾಗಿ ನಮೂದಾಗಿರುತ್ತವೆ. ಖಾತೆದಾರ ಹೊಲ ಮಾರಬಹುದು, ಬಿ ಖರಾಬನ್ನು ಮಾರಲಾರ. ಅದೇ ಕಾಯ್ದೆಯ 95ನೇ ಪ್ರಕರಣ, ಭೂ ಪರಿವರ್ತನೆ (ಬೇಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಸಾರ್ವಜನಿಕ ಹಿತಕ್ಕೆ ಮಾರಕವೆಂದು ಕಂಡರೆ ಅದನ್ನು ನಿರಾಕರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ನಾನು ತಮ್ಮ ಬಳಿಗೆ ಬಂದಿರುವುದು ಈ ಕಾರಣಕ್ಕೆ. ಬೇರೆಯವರು ಸಹಾನುಭೂತಿ ತೋರಿಸಬಹುದು. ಆದೇಶ ಮಾಡಲು ಸಾಧ್ಯವಿರುವುದು ತಮಗೆ.

ಪತ್ರ ಬರೆಯುವ ಮೊದಲು ನಾನು ಸುಮ್ಮನೆ ಕೂತಿರಲಿಲ್ಲ. ಸಂಬಂಧಪಟ್ಟ ಕಚೇರಿಯೊಂದಕ್ಕೆ ಮೂರು ಸಲ ಹೋದೆ. ಮೊದಲ ಸಲ ಅರ್ಜಿ ತೆಗೆದುಕೊಂಡರು. ಎರಡನೇ ಸಲ ಅರ್ಜಿ ಸಿಗುತ್ತಿಲ್ಲ, ಇನ್ನೊಂದು ಕೊಡಿ ಎಂದರು. ಮೂರನೇ ಸಲ ಹಿರಿಯರೊಬ್ಬರು ನನ್ನನ್ನು ಗುರುತಿಸಿ, ಕುರ್ಚಿ ಕೊಟ್ಟು, ತಗ್ಗಿದ ದನಿಯಲ್ಲಿ "ನಿಮಗೆ ಯಾಕೆ ಸಾರ್ ಈ ವಯಸ್ಸಿನಲ್ಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎಂದು ನಂಬುತ್ತೇನೆ. ಆದರೆ ಆ ಮಾತು ಕೇಳಿ ಹೊರಗೆ ಬಂದಾಗ, ಇಷ್ಟು ವರ್ಷ ನಾನು ನೆಟ್ಟ ಕಲ್ಲುಗಳೆಲ್ಲ ಯಾರಿಗಾಗಿ ಎಂದು ಅನಿಸಿತು. ಈ ವಯಸ್ಸಿನಲ್ಲಿ ಅಲ್ಲದೆ ಇನ್ನು ಯಾವಾಗ ಕೇಳಲಿ? ಹೊಳೆಯ ಹದ್ದು ಎಲ್ಲಿತ್ತು ಎಂದು ನಡೆದು ತೋರಿಸಬಲ್ಲವರು ಈ ಸೀಮೆಯಲ್ಲಿ ಇನ್ನು ಕೆಲವೇ ಮಂದಿ ಉಳಿದಿದ್ದೇವೆ.

ಜಮೀನು ಮಾರಿದ ರೈತರನ್ನು ನಾನು ದೂರುವುದಿಲ್ಲ. ಅವರಲ್ಲಿ ಕೆಲವರು ನನ್ನ ಜೊತೆ ಶಾಲೆ ಕಲಿತವರು. ಜೋಳ ಹಾಕಿದರೆ ಮಳೆ ಕೈಕೊಡುತ್ತದೆ, ಹಿಪ್ಪುನೇರಳೆ ಹಾಕಿದರೆ ನೀರಿಲ್ಲ, ಬೋರ್ ಕೊರೆಸಲು ಮಾಡಿದ ಸಾಲಕ್ಕೆ ಬಡ್ಡಿ ಬೆಳೆಯುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಭೂಮಿಯ ಬೆಲೆ ಮೊದಲು ಅಲ್ಲಿ, ಆಮೇಲೆ ದೊಡ್ಡಬಳ್ಳಾಪುರದಲ್ಲಿ, ಈಗ ನಮ್ಮಲ್ಲಿ ಏರಿದೆ. ಮನೆಯ ಮುಂದೆ ಕಾರು ನಿಲ್ಲಿಸಿ, ಎಕರೆಗೆ ಇಷ್ಟು ಎಂದು ಮುಂಗಡ ಎಣಿಸಿ ಇಟ್ಟವನಿಗೆ ಬೇಡ ಎನ್ನುವುದು ಸಾಲಗಾರನಿಗೆ ಸುಲಭವಲ್ಲ. ನನ್ನ ಗೆಳೆಯನೊಬ್ಬ ದಂಡೆಯ ಎರಡೂವರೆ ಎಕರೆ ಮಾರಿದ ಮರುದಿನ ನಮ್ಮ ಮನೆಗೆ ಬಂದು, ಕಾಫಿ ಮುಟ್ಟದೆ ಅರ್ಧ ಗಂಟೆ ಕುಳಿತು ಎದ್ದುಹೋದ. ಆದ್ದರಿಂದ ದಂಡೆಯನ್ನು ಉಳಿಸುವ ಭಾರವನ್ನು ದಂಡೆಯ ರೈತರ ಮೇಲೆ ಮಾತ್ರ ಹಾಕುವುದು ನ್ಯಾಯವಲ್ಲ. ಸತ್ಯಾಗ್ರಹ ಭೂಮಿಯ ಭಾಗವೆಂದು ಗುರುತಾಗುವ ಹೊಲಗಳನ್ನು ಸರ್ಕಾರವೇ ಮಾರುಕಟ್ಟೆ ಬೆಲೆಗೆ ಕೊಳ್ಳಲಿ, ಇಲ್ಲವೇ ಅಲ್ಲಿ ಬೇಸಾಯ ಮುಂದುವರಿಸಲು ಒಪ್ಪುವವರಿಗೆ ನೀರು, ಸಾಲ, ಬೆಳೆಯ ಬೆಲೆಯಲ್ಲಿ ನೆರವಾಗಲಿ. ಜೋಳದ ಹೊಲ ಸ್ಮಾರಕಕ್ಕೆ ಯಾವ ಕುಂದನ್ನೂ ತರುವುದಿಲ್ಲ. 1938ರಲ್ಲೂ ಸುತ್ತ ಹೊಲಗಳೇ ಇದ್ದವು.

ಗೌರಿಬಿದನೂರು ಬೆಳೆಯಬಾರದೇ ಎಂದು ನನ್ನ ಮೊಮ್ಮಗನೇ ಕೇಳಿದ. ಬೆಳೆಯಲಿ. ಅವನಂಥ ಹುಡುಗರು ಬೆಳಗಿನ ರೈಲು ಹಿಡಿದು ಯಲಹಂಕಕ್ಕೆ ಹೋಗಿ ರಾತ್ರಿ ಬರುವುದು ತಪ್ಪಲಿ. ಕೈಗಾರಿಕೆ ಬರಲಿ, ಮನೆಗಳಾಗಲಿ, ಬಡವರಿಗೆ ನಿವೇಶನ ಸಿಗಲಿ. ಪಟ್ಟಣದಿಂದ ವಿದುರಾಶ್ವತ್ಥಕ್ಕೆ ಸುಮಾರು ಆರು ಕಿಲೋಮೀಟರ್. ಪಟ್ಟಣದ ಸುತ್ತ ಬೇರೆ ದಿಕ್ಕುಗಳಲ್ಲಿ ಜಮೀನು ಇದೆ. ಅಲ್ಲೆಲ್ಲ ಬಿಟ್ಟು ಹೊಳೆಯ ಮಡಿಲಿಗೇ ಬರುವುದಕ್ಕೆ ಕಾರಣ ಆ ಫಲಕದಲ್ಲಿಯೇ ಇದೆ: ಪುಣ್ಯಕ್ಷೇತ್ರ, ನದಿ, ಚರಿತ್ರೆ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಯಾವುದರ ಹೆಸರು ಹೇಳಿ ಮಾರುತ್ತಿದ್ದಾರೋ ಅದನ್ನೇ ಅಳಿಸಿ ಕಟ್ಟುತ್ತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ವೇದಿಕೆಗಳಲ್ಲಿ ಎಲ್ಲ ಪಕ್ಷದವರೂ ಹೇಳುತ್ತಾರೆ. ಅಮೃತಸರದ ಆ ಬಾಗಿಗೆ 1951ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿ ಟ್ರಸ್ಟ್ ರಚಿಸಿತು. ಗುಂಡು ತಾಗಿದ ಗೋಡೆಯನ್ನು, ಜನ ಹಾರಿದ ಬಾವಿಯನ್ನು ಇವತ್ತಿಗೂ ಹೋಗಿ ನೋಡಬಹುದು. ನಮ್ಮಲ್ಲಿ ಗೋಡೆ ಇರಲಿಲ್ಲ, ಬಾವಿಯೂ ಇರಲಿಲ್ಲ. ಜನ ಹಾರಿದ್ದು ಹೊಳೆಗೆ. ಹೋಲಿಕೆಯನ್ನು ಒಪ್ಪುವುದಾದರೆ ಈ ಹೊಳೆಯಂಚನ್ನು ಆ ಗೋಡೆಯಂತೆ, ಆ ಬಾವಿಯಂತೆ ಉಳಿಸಿಕೊಳ್ಳಬೇಕಲ್ಲವೇ?

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು. ಮೊದಲನೆಯದಾಗಿ, ದೇವಸ್ಥಾನ ಮತ್ತು ಸ್ತೂಪದಿಂದ ಹೊಳೆಯ ಎರಡೂ ದಂಡೆಗಳವರೆಗಿನ ಪ್ರದೇಶದಲ್ಲಿ ನಡೆಯುತ್ತಿರುವ ನೆಲ ಸಮ ಮಾಡುವ, ಮಣ್ಣು ತುಂಬುವ ಕೆಲಸವನ್ನು ಜಂಟಿ ಸರ್ವೆ ಮುಗಿಯುವವರೆಗೆ ನಿಲ್ಲಿಸಿ. ಸರ್ವೆಯನ್ನು ಈಗ ಕಾಣುವ ಮರಳಿನ ಅಂಚಿನಿಂದ ಮಾಡಬಾರದು. ಮೂಲ ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆಗಳಿಂದ ಮಾಡಬೇಕು. 2007ರವರೆಗೆ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಹಳೆಯ ಕಡತಗಳನ್ನು ಅಲ್ಲಿಯೂ ಹುಡುಕಿಸಬೇಕು. ಕಿತ್ತ ಬಾಂದು ಕಲ್ಲುಗಳನ್ನು ಮರಳಿ ನಿಲ್ಲಿಸಿ, ಕಿತ್ತವರ ಮೇಲೆ ಪ್ರಕರಣ ದಾಖಲಿಸಬೇಕು. ಹಳ್ಳವನ್ನು ತೆರವು ಮಾಡಿಸುವುದು ಈ ಮಳೆಗಾಲಕ್ಕೆ ಮೊದಲೇ ಆಗಬೇಕಾದ ಕೆಲಸ, ಅದಕ್ಕೆ ಸರ್ವೆಯವರೆಗೂ ಕಾಯುವುದು ಬೇಡ.

ಇದು ತುರ್ತಿನ ಕೆಲಸವಾಯಿತು. ಇದಕ್ಕಿಂತ ಮುಖ್ಯವಾದದ್ದು, ಈ ಇಡೀ ಪ್ರದೇಶಕ್ಕೆ ಒಂದು ಹದ್ದು ಹಾಕಿ ದಾಖಲೆಯಲ್ಲಿ ಬರೆಯುವುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ವಿಶೇಷ ನಿಯಂತ್ರಣ ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಕಟ್ಟಡದ ಎತ್ತರ, ಅಂತರಗಳಿಗೆ ಪ್ರತ್ಯೇಕ ನಿಯಮ ಮಾಡಬಹುದು. ವಿದುರಾಶ್ವತ್ಥಕ್ಕೆ ಅಂಥ ರಕ್ಷಣೆ ಸಿಗುವಂತೆ ತಾವು ಸರ್ಕಾರಕ್ಕೆ ಪ್ರಸ್ತಾವನೆ ಕಳುಹಿಸಬೇಕು. ಅದು ಮಂಜೂರಾಗುವವರೆಗೆ ಹದ್ದಿನೊಳಗೆ ಹೊಸ ಭೂ ಪರಿವರ್ತನೆಗೆ ಅನುಮತಿ ಕೊಡಬಾರದು. ಹದ್ದು ಎಲ್ಲಿಗೆ ಬರಬೇಕು ಎಂಬುದನ್ನು ಕಚೇರಿಯ ಕೋಣೆಯಲ್ಲಿ ತೀರ್ಮಾನಿಸದೆ, ಸುತ್ತಲಿನ ಹಳ್ಳಿಗಳ ಗ್ರಾಮ ಸಭೆಗಳಲ್ಲಿ ಇಟ್ಟು, ಹುತಾತ್ಮರ ಮನೆಯವರನ್ನೂ ಹಿರಿಯರನ್ನೂ ಕರೆದು, ಅವರೊಂದಿಗೆ ನಡೆದು ನೋಡಿ ತೀರ್ಮಾನಿಸಬೇಕು. ಹೀಗೆ ನಡೆಯುತ್ತ ಹೇಳುವವರ ಮಾತನ್ನು ಯಾರಾದರೂ ಬರೆದುಕೊಳ್ಳಬೇಕು. ಕಣ್ಣಾರೆ ಕಂಡವರು ತೀರಿಹೋದರು. ಅವರ ಬಾಯಿಂದ ಕೇಳಿದ ನಾವು ಇನ್ನೂ ಇದ್ದೇವೆ. 2038ಕ್ಕೆ ಗೋಲಿಬಾರಿಗೆ ನೂರು ವರ್ಷ ತುಂಬುತ್ತದೆ. ಅಂದು ಮಂತ್ರಿಗಳು ಬರುತ್ತಾರೆ, ಧ್ವಜ ಹಾರಿಸುತ್ತಾರೆ. ಧ್ವಜದ ಕಂಬದ ಬುಡದಲ್ಲಿ ನಿಂತವರಿಗೆ ಹೊಳೆ ಕಾಣಿಸಬೇಕು.

ನಾಗರಕಲ್ಲುಗಳ ಪಟ್ಟಿಯನ್ನು ಪುರಾತತ್ತ್ವ ಇಲಾಖೆಯವರಿಂದ ಮಾಡಿಸಿಕೊಡಿ. ಒಂದೊಂದಕ್ಕೂ ಒಂದು ಸಂಖ್ಯೆ, ಒಂದು ಫೋಟೊ, ಇರುವ ಜಾಗ. ಸ್ಥಳೀಯ ಕಾಲೇಜಿನ ಇತಿಹಾಸ ವಿದ್ಯಾರ್ಥಿಗಳು ಸೇರಿದರೆ ಹೆಚ್ಚಿನ ಖರ್ಚಿಲ್ಲದೆ ಮುಗಿಯುವ ಕೆಲಸ ಇದು.

ಈ ವಿಚಾರದಲ್ಲಿ ನನಗೆ ಯಾವ ಜಮೀನಿನ ಲಾಭವೂ ಇಲ್ಲ. ನಮ್ಮ ಹೊಲ ಇರುವುದು ಊರಿನ ಇನ್ನೊಂದು ಬದಿಗೆ, ಹೊಳೆಯಿಂದ ದೂರ. ಜಂಟಿ ಸರ್ವೆಗೆ ತಾವು ದಿನ ಗೊತ್ತುಮಾಡಿದರೆ ನಾನು ಬರುತ್ತೇನೆ. ನನ್ನ ಹಳೆಯ ಟಿಪ್ಪಣಿಗಳ ಕೈಬರಹದ ನಕಲು ನನ್ನ ಬಳಿ ಇದೆ, ತಮ್ಮ ಸಿಬ್ಬಂದಿಗೆ ಒಪ್ಪಿಸುತ್ತೇನೆ. ಈಗಿನ ಹುಡುಗರ ಯಂತ್ರಗಳು ನಮ್ಮ ಸರಪಳಿಗಿಂತ ಎಷ್ಟೋ ನಿಖರ ಎಂದು ನನಗೆ ಗೊತ್ತು. ಆದರೆ ಆರಂಭದ ಕಲ್ಲು ಯಾವುದು ಎಂದು ಯಂತ್ರಕ್ಕೆ ಯಾರಾದರೂ ತೋರಿಸಬೇಕು.

ಆ ಬಾಂದು ಕಲ್ಲನ್ನು ನಾನು ಗುಡ್ಡೆಯಿಂದ ಕದಲಿಸಿಲ್ಲ. ದಾಖಲೆಯ ವಸ್ತುವನ್ನು ಮುಟ್ಟಬಾರದೆಂದು ಹಾಗೆಯೇ ಬಿಟ್ಟು ಬಂದಿದ್ದೇನೆ. ಅದು ನಿಂತಿದ್ದ ಗುಂಡಿಯನ್ನು ಮಾತ್ರ ಮೇಲೆ ಮುಳ್ಳಿನ ಕೊಂಬೆ ಹೊದಿಸಿ ಗುರುತು ಮಾಡಿದ್ದೇನೆ. ಎರಡು ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೇನೆ. ಮೊನ್ನೆ ಹೋದಾಗಲೂ ಗುಂಡಿ ಹಾಗೆಯೇ ಇತ್ತು. ತಾವು ಬೇಗ ಬರಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ,
ಗೌರಿಬಿದನೂರು ತಾಲ್ಲೂಕು